ಮರಿಗಳು ಗೂಡು ಬಿಡುವ ದಿನಗಳಲ್ಲಿ ಬೆಕ್ಕನ್ನು ಒಳಗಿಡುವುದು ಹೇಗೆ?

ಶಿವರಾತ್ರಿ ಕಳೆದು ಬಿಸಿಲೇರುತ್ತಿದ್ದಂತೆ ಮಲೆನಾಡಿನ ಹಿತ್ತಿಲುಗಳಲ್ಲಿ ಗೂಡು ಕಟ್ಟುವ ಕೆಲಸ ಜೋರಾಗುತ್ತದೆ. ದಾಸವಾಳದ ಗಿಡದಲ್ಲಿ, ಅಂಗಳದ ಕ್ರೋಟನ್ನಿನಲ್ಲಿ, ಕಾಫಿ ಗಿಡದ ಕವಲಿನಲ್ಲಿ ಕೆಮ್ಮೀಸೆ ಪಿಕಳಾರದ ಬಟ್ಟಲು ಗೂಡು. ಗೋಡೆಯ ಬಿರುಕಿನಲ್ಲೋ ಒಣಮರದ ಪೊಟರೆಯಲ್ಲೋ ಮಡಿವಾಳ ಹಕ್ಕಿ. ಎಲೆಗಳನ್ನು ಸೇರಿಸಿ ಹೊಲಿದು ಒಳಗೆ ಹತ್ತಿ ತುಂಬಿದ ಸಿಂಪಿಗನ ಗೂಡು. ಜಗಲಿಯ ತಂತಿಗೆ ಜೋತುಬಿದ್ದ ಸೂರಕ್ಕಿಯ ಚೀಲ. ಇವುಗಳಲ್ಲಿ ಹೆಚ್ಚಿನವು ಆಳೆತ್ತರದ ಆಸುಪಾಸಿನಲ್ಲೇ ಇರುತ್ತವೆ. ಸಾಕಿದ ಬೆಕ್ಕು ದಿನವಿಡೀ ಸುತ್ತಾಡುವುದೂ ಅಲ್ಲೇ.

ಪಿಕಳಾರ ಎರಡೋ ಮೂರೋ ಮೊಟ್ಟೆ ಇಡುತ್ತದೆ. ಕಾವು ಸುಮಾರು 12 ದಿನ, ಮರಿ ಗೂಡಿನಲ್ಲಿರುವುದು ಹೆಚ್ಚುಕಡಿಮೆ ಮತ್ತೆ ಅಷ್ಟೇ ದಿನ. ಮಡಿವಾಳ, ಸಿಂಪಿಗಗಳದ್ದೂ ಇದರ ಹತ್ತಿರದ ಲೆಕ್ಕವೇ. ಸೂರಕ್ಕಿಗೆ ಇನ್ನೊಂದು ವಾರ ಹೆಚ್ಚು ಹಿಡಿಯುತ್ತದೆ. ಆದರೆ ಬೆಕ್ಕಿಗೆ ಅತಿ ಸುಲಭವಾಗಿ ಸಿಗುವುದು ಗೂಡಿನೊಳಗಿನ ಮರಿಯಲ್ಲ, ಗೂಡು ಬಿಟ್ಟ ಮರಿ. ಗರಿ ಪೂರ್ತಿ ಬಲಿಯುವ ಮೊದಲೇ ಮರಿಗಳು ಗೂಡಿನಿಂದ ಕೆಳಗಿಳಿಯುತ್ತವೆ. ಮುಂದಿನ ಕೆಲವು ದಿನ ನೆಲದ ಮೇಲೆ, ಬೇಲಿಯ ಬುಡದಲ್ಲಿ, ಸೌದೆ ರಾಶಿಯ ಮರೆಯಲ್ಲಿ ಕುಳಿತು ತಂದೆತಾಯಿ ತರುವ ಹುಳುವಿಗಾಗಿ ಕೂಗುತ್ತವೆ. ಅಪಾಯ ಕಂಡರೆ ಅಲುಗಾಡದೆ ಕೂರುವುದೊಂದೇ ಅವುಗಳಿಗೆ ಗೊತ್ತಿರುವ ಉಪಾಯ. ಮೇಲಿಂದ ಕಣ್ಣಿನಿಂದಲೇ ಹುಡುಕುವ ಗಿಡುಗದ ಮುಂದೆ ಆ ಉಪಾಯ ನಡೆಯುತ್ತದೆ. ಕಿವಿಯಿಂದ ಜಾಗ ಗುರುತಿಸಿ, ಹೊಂಚುಹಾಕಿ ಕಾದು ಕೂರುವ ಬೆಕ್ಕಿನ ಮುಂದೆ ನಡೆಯುವುದಿಲ್ಲ. ಹಾಗಾಗಿ ಬೆಕ್ಕನ್ನು ಯಾವಾಗಲಾದರೂ ಒಳಗಿಡಬೇಕೆಂದರೆ ಎಲ್ಲಕ್ಕಿಂತ ಮುಖ್ಯ ಈ ಒಂದು ವಾರ. ಒಂದೇ ಹಿತ್ತಿಲಿನಲ್ಲಿ ಹಲವು ಗೂಡುಗಳು ಬೇರೆ ಬೇರೆ ದಿನ ಒಡೆಯುವುದರಿಂದ ಆ ‘ಒಂದು ವಾರ’ ಫೆಬ್ರವರಿಯಿಂದ ಜೂನ್‌ವರೆಗೂ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ.

ನೆಲದ ಮೇಲೆಯೇ ಮೊಟ್ಟೆ ಇಡುವ ಹಕ್ಕಿಗಳ ಪಾಡು ಇನ್ನೂ ಕಷ್ಟ. ನತ್ತಿಂಗ ಗೂಡನ್ನೇ ಕಟ್ಟುವುದಿಲ್ಲ, ತರಗೆಲೆಯ ಮೇಲೆ ಮೊಟ್ಟೆ ಇಟ್ಟು ಅದರ ಬಣ್ಣದಲ್ಲೇ ಕರಗಿ ಕೂರುತ್ತದೆ. ಕಾಡುಕೋಳಿಯದ್ದು ಪೊದೆಯ ಬುಡದಲ್ಲಿ ಕೆರೆದು ಮಾಡಿದ ತಗ್ಗು. ತೋಟದ ಕಾಲುವೆ ಬದಿಯ ಜೊಂಡಿನಲ್ಲಿ ಹುಂಡುಕೋಳಿ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಸಂಸಾರ ಹೂಡುವ ಬೆಳ್ಳಕ್ಕಿ, ನೀರುಕಾಗೆಗಳಿಗೆ ಸುತ್ತಲಿನ ಹೊಳೆಯೇ ಕಾವಲು. ಮನೆಯ ಹತ್ತಿರದ ಹಕ್ಕಿಗಳಿಗೆ ಅಂಥ ಕಾವಲಿಲ್ಲ.

ಕೇರೆಹಾವು, ಕೆಂಬೂತ, ಮುಂಗುಸಿ, ಕಾಗೆ ಇವೆಲ್ಲ ಮರಿ ತಿನ್ನುವುದಿಲ್ಲವೇ, ಬೆಕ್ಕಿನ ಮೇಲೆ ಮಾತ್ರ ಏಕೆ ಈ ಮಾತು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕಾಡಿನ ಬೇಟೆಗಾರ ಪ್ರಾಣಿಯ ಸಂಖ್ಯೆ ಅದಕ್ಕೆ ಸಿಗುವ ಆಹಾರಕ್ಕೆ ಕಟ್ಟುಬಿದ್ದಿರುತ್ತದೆ. ಬೇಟೆ ಕಡಿಮೆಯಾದರೆ ಬೇಟೆಗಾರನೂ ಕಡಿಮೆಯಾಗುತ್ತಾನೆ, ಹಕ್ಕಿಗಳಿಗೆ ಚೇತರಿಸಿಕೊಳ್ಳಲು ಬಿಡುವು ಸಿಗುತ್ತದೆ. ಮನೆಯ ಬೆಕ್ಕಿಗೆ ಈ ಕಟ್ಟು ಇಲ್ಲ. ಹಿತ್ತಿಲಿನ ಹಕ್ಕಿಗಳೆಲ್ಲ ಖಾಲಿಯಾದರೂ ಅದಕ್ಕೆ ಮನೆಯಲ್ಲಿ ಹಾಲು ಅನ್ನ ತಪ್ಪುವುದಿಲ್ಲ, ಮರಿ ಹಾಕುವುದೂ ನಿಲ್ಲುವುದಿಲ್ಲ. ಮೇಲಾಗಿ ಬೆಕ್ಕು ಇಲ್ಲಿನ ಕಾಡಿನ ಪ್ರಾಣಿಯೇ ಅಲ್ಲ. ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದ ಧಾನ್ಯದ ಕಣಜಗಳ ಸುತ್ತ ಮನುಷ್ಯನಿಗೆ ಒಗ್ಗಿಕೊಂಡ ಆಫ್ರಿಕಾ ಮೂಲದ ಕಾಡುಬೆಕ್ಕಿನ ಸಂತತಿ ಇದು. ನಾವೇ ಕರೆತಂದ ಪ್ರಾಣಿಯ ಹೊಣೆ ನಮ್ಮದೇ.

ಇದರ ಪರಿಣಾಮ ಎಷ್ಟು ದೊಡ್ಡದು ಎಂಬುದಕ್ಕೆ ಹೆಚ್ಚು ಲೆಕ್ಕಾಚಾರ ನಡೆದಿರುವುದು ಹೊರದೇಶಗಳಲ್ಲಿ. 2013ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಅಮೆರಿಕದಲ್ಲಿ ಹೊರಗೆ ತಿರುಗುವ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ. ಅದರಲ್ಲಿ ಮೂರನೇ ಎರಡು ಭಾಗದಷ್ಟು ಯಾರೂ ಸಾಕದ ಬೆಕ್ಕುಗಳ ಪಾಲು. ಆ ಅಂಕಿಯನ್ನು ಹಾಗೆಯೇ ತಂದು ತೀರ್ಥಹಳ್ಳಿಗೋ ಸಾಗರಕ್ಕೋ ಅಂಟಿಸುವುದು ಸರಿಯಲ್ಲ. ಆದರೆ ಬೆಕ್ಕಿನ ನಡವಳಿಕೆ ಎಲ್ಲ ಕಡೆಯೂ ಒಂದೇ. ‘ನಮ್ಮ ಬೆಕ್ಕು ಹಕ್ಕಿ ಹಿಡಿದದ್ದನ್ನು ನೋಡಿಯೇ ಇಲ್ಲ’ ಎನ್ನುವವರಿಗೆ ಜಾರ್ಜಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬೆಕ್ಕುಗಳ ಕೊರಳಿಗೆ ಪುಟ್ಟ ಕ್ಯಾಮೆರಾ ಕಟ್ಟಿ ಕಂಡುಕೊಂಡ ಉತ್ತರವಿದೆ: ಹಿಡಿದ ಬೇಟೆಯಲ್ಲಿ ಬೆಕ್ಕು ಮನೆಗೆ ತಂದದ್ದು ನಾಲ್ಕನೇ ಒಂದು ಭಾಗಕ್ಕಿಂತಲೂ ಕಡಿಮೆ. ಅರ್ಧದಷ್ಟನ್ನು ಹಿಡಿದ ಜಾಗದಲ್ಲೇ ಬಿಟ್ಟುಬಂದಿತ್ತು.

ಕೊಲ್ಲದೆಯೂ ಬೆಕ್ಕು ಗೂಡನ್ನು ಕೆಡಿಸುತ್ತದೆ ಎಂಬುದು ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಸಂಶೋಧಕರು ಹಕ್ಕಿಗೂಡಿನ ಹತ್ತಿರ ಸತ್ತ ಬೆಕ್ಕಿನ ತೊಗಲು ತುಂಬಿದ ಬೊಂಬೆಯನ್ನು ಹದಿನೈದು ನಿಮಿಷ ಇಟ್ಟು ತೆಗೆದರು. ಬೊಂಬೆ ಹೋದ ಮೇಲೂ ತಾಯಿ ತಂದೆ ಮರಿಗಳಿಗೆ ಆಹಾರ ತರುವುದು ಮೂರನೇ ಒಂದು ಭಾಗದಷ್ಟು ಇಳಿಯಿತು. ಗಾಬರಿಯಿಂದ ಅವು ಎಬ್ಬಿಸಿದ ಗದ್ದಲ ಕೇಳಿ ಗೂಡಿನ ಸುಳಿವು ಹಿಡಿದ ಬೇರೆ ಹಕ್ಕಿಗಳು ಮುಂದಿನ 24 ಗಂಟೆಯೊಳಗೆ ಮರಿಗಳನ್ನು ಹೊತ್ತೊಯ್ದದ್ದೂ ಹೆಚ್ಚಿತು. ನಮ್ಮಲ್ಲಿ ಬೇಲಿಯ ಮೇಲೆ ಬೆಕ್ಕು ಕೂತಾಗ ಹರಟೆಮಲ್ಲಗಳು ಗುಂಪಾಗಿ ಕಿರುಚುತ್ತವಲ್ಲ, ಅದನ್ನು ಕಾಗೆಯೂ ಕೆಂಬೂತವೂ ಕೇಳಿಸಿಕೊಳ್ಳುತ್ತಿರುತ್ತವೆ.

ಹೊಟ್ಟೆ ತುಂಬಿದ ಬೆಕ್ಕು ಬೇಟೆಯಾಡುವುದಿಲ್ಲ ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಹೊಂಚುಹಾಕಿ ನೆಗೆಯುವ ಪ್ರೇರಣೆಗೂ ಹಸಿವಿಗೂ ಬೆಕ್ಕಿನ ಮಿದುಳಿನಲ್ಲಿ ಬೇರೆ ಬೇರೆ ದಾರಿ. ಉಣ್ಣುತ್ತಿರುವ ತಟ್ಟೆ ಬಿಟ್ಟು ಹೋಗಿ ಇಲಿ ಹಿಡಿದು ತಂದು ಮತ್ತೆ ಊಟ ಮುಂದುವರಿಸಬಲ್ಲದು. ಆದರೆ ಏನು ತಿನ್ನಿಸುತ್ತೇವೆ ಎಂಬುದರಿಂದ ವ್ಯತ್ಯಾಸ ಆಗುತ್ತದೆ. ಬೆಕ್ಕು ಮಾಂಸವಿಲ್ಲದೆ ಬದುಕಲಾರದ ಪ್ರಾಣಿ. ಟಾರಿನ್ ಎಂಬ ಪೋಷಕಾಂಶವನ್ನು ಅದರ ದೇಹ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದು ಸಿಗುವುದು ಮಾಂಸ, ಮೀನಿನಿಂದಲೇ. ಟಾರಿನ್ ಕೊರತೆಯಾದರೆ ಕಣ್ಣಿನ ಪರದೆ ಹಾಳಾಗುತ್ತದೆ, ಹೃದಯದ ಸ್ನಾಯು ಸಡಿಲವಾಗುತ್ತದೆ. ಹಾಲು ಅನ್ನ, ಮೊಸರನ್ನದಲ್ಲಿ ಬೆಳೆದ ಬೆಕ್ಕು ಗಟ್ಟಿಮುಟ್ಟಾಗಿ ಕಾಣುತ್ತಿದ್ದರೆ ಉಳಿದದ್ದನ್ನು ಅದು ಹಿತ್ತಿಲಿನಿಂದ ಪಡೆಯುತ್ತಿದೆ ಎಂದೇ ಅರ್ಥ. ಅಂಥ ಬೆಕ್ಕನ್ನು ಆಹಾರ ಬದಲಿಸದೆ ಒಳಗೆ ಕೂಡಿಹಾಕುವುದು ಹಿಂಸೆ.

ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಾಂಸದ ಪ್ರೋಟೀನ್ ಹೆಚ್ಚಿರುವ, ಧಾನ್ಯವಿಲ್ಲದ ಆಹಾರ ತಿಂದ ಬೆಕ್ಕುಗಳು ಮನೆಗೆ ತಂದ ಬೇಟೆ ಶೇ. 36ರಷ್ಟು ಕಡಿಮೆಯಾಯಿತು. ದಿನಕ್ಕೆ 5ರಿಂದ 10 ನಿಮಿಷ ಆಟವಾಡಿಸಿದ ಮನೆಗಳಲ್ಲಿ ಶೇ. 25ರಷ್ಟು ಇಳಿಯಿತು. ಕೊರಳಿಗೆ ಕಟ್ಟಿದ ಗಂಟೆಯಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಗಂಟೆ ಸೋಲುವುದಕ್ಕೆ ಕಾರಣವಿದೆ. ಬೆಕ್ಕು ಗಂಟೆ ಅಲುಗದಂತೆ ಹೆಜ್ಜೆ ಇಡುವುದನ್ನು ಕಲಿಯಬಲ್ಲದು, ಕೊನೆಯ ನೆಗೆತದಲ್ಲಿ ಸದ್ದಾಗುವ ಹೊತ್ತಿಗೆ ತಡವಾಗಿರುತ್ತದೆ. ಹಾರಲು ಬಾರದ ಮರಿಗಂತೂ ಸದ್ದು ಕೇಳಿಯೂ ಉಪಯೋಗವಿಲ್ಲ.

ಮಳೆಗಾಲದಲ್ಲೇ ಶುರುಮಾಡಿ

ಗೂಡು ಕಂಡ ಮೇಲೆ ಬೆಕ್ಕನ್ನು ಒಳಗೆ ಹಾಕಿ ಬಾಗಿಲು ಮುಚ್ಚುವುದು ಹೆಚ್ಚಿನ ಮನೆಗಳಲ್ಲಿ ಆಗುವ ತಪ್ಪು. ಮಾರ್ಚಿನಲ್ಲಿ ಹೊರಗೆ ಬೆಚ್ಚಗಿರುತ್ತದೆ, ಒಣಗಿರುತ್ತದೆ, ಮರಿಗಳ ಕೂಗು ಕಿವಿಗೆ ಬೀಳುತ್ತಿರುತ್ತದೆ. ಆ ಹೊತ್ತಿನಲ್ಲಿ ಒಮ್ಮೆಲೇ ಬಾಗಿಲು ಮುಚ್ಚಿದರೆ ಬೆಕ್ಕು ರಾತ್ರಿಯಿಡೀ ಅರಚುತ್ತದೆ, ಬಾಗಿಲು ಕೆರೆಯುತ್ತದೆ, ಹಾಸಿಗೆಯ ಮೇಲೆ ಉಚ್ಚೆ ಹೊಯ್ಯುತ್ತದೆ. ಮೂರನೇ ದಿನಕ್ಕೆ ಮನೆಯವರೇ ಸೋತು ಬಿಡುತ್ತಾರೆ. ಮಲೆನಾಡಿನ ಮಳೆಗಾಲ ನಮಗೆ ಇದಕ್ಕಿಂತ ಒಳ್ಳೆಯ ದಾರಿ ಕೊಟ್ಟಿದೆ. ಆರಿದ್ರಾ, ಪುನರ್ವಸು ಮಳೆ ಹಿಡಿದು ಸುರಿಯುವಾಗ ಯಾವ ಬೆಕ್ಕೂ ಅಂಗಳಕ್ಕಿಳಿಯುವುದಿಲ್ಲ. ಒಲೆಯ ಮಗ್ಗುಲು, ಬಚ್ಚಲ ಹಂಡೆಯ ಹಿಂದೆ, ಅಟ್ಟದ ಗೋಣಿಯ ಮೇಲೆ ತಾನಾಗಿಯೇ ಬಿದ್ದಿರುತ್ತದೆ. ಒಳಗಿರುವ ಅಭ್ಯಾಸವನ್ನು ಆಗಲೇ ಗಟ್ಟಿಮಾಡಿಕೊಂಡರೆ ಫೆಬ್ರವರಿಯ ಹೊತ್ತಿಗೆ ಅದು ಹೊಸ ಕಟ್ಟುಪಾಡು ಅನ್ನಿಸುವುದಿಲ್ಲ.

ಮೊದಲು ಊಟದ ಹೊತ್ತು ಗೊತ್ತುಮಾಡಿ: ಬೆಳಿಗ್ಗೆ ಒಮ್ಮೆ, ಸಂಜೆ ಕತ್ತಲಾಗುವ ಮುಂಚೆ ಒಮ್ಮೆ, ಎರಡೂ ಮನೆಯೊಳಗೇ. ತಟ್ಟೆಯಲ್ಲಿ ದಿನವಿಡೀ ಆಹಾರ ಬಿಟ್ಟಿರಬಾರದು, ಹಾಗೆ ಬಿಟ್ಟರೆ ಸಂಜೆ ಕರೆದಾಗ ಬೆಕ್ಕು ಬರುವುದಿಲ್ಲ. ಕರೆಯುವಾಗ ಪ್ರತಿಸಲ ಒಂದೇ ಸದ್ದು ಮಾಡಿ, ಡಬ್ಬಿ ಅಲ್ಲಾಡಿಸುವುದೋ ತಟ್ಟೆ ಬಡಿಯುವುದೋ ಯಾವುದಾದರೂ ಸರಿ. ಒಂದೆರಡು ವಾರದಲ್ಲಿ ಸದ್ದಿಗೆ ಓಡಿಬರುವುದು ರೂಢಿಯಾಗುತ್ತದೆ. ಆಮೇಲೆ ಸಂಜೆಯ ಊಟವಾದ ಕೂಡಲೇ ಬಾಗಿಲು ಹಾಕಿ ಬೆಳಗಿನ ಊಟದ ತನಕ ತೆಗೆಯಬೇಡಿ. ಅದಕ್ಕೊಗ್ಗಿದ ಮೇಲೆ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತನ್ನು ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆಯಂತೆ ಮುಂದೂಡುತ್ತಾ ಹೋಗಿ. ಪೂರ್ತಿ ಒಳಗಿರಲು ಹಲವು ವಾರ ಹಿಡಿಯುತ್ತದೆ. ಕೆಲವು ಮುದಿ ಗಂಡುಗಳಿಗೆ ಇನ್ನೂ ಹೆಚ್ಚು.

ಕೂಗಿಗೆ ಬಾಗಿಲು ತೆಗೆಯಬಾರದು. ಮೊದಲ ಕೆಲವು ರಾತ್ರಿ ಕೂಗು ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ, ಅದು ಸಹಜ. ಆಗ ಒಂದು ಸಲ ಬಾಗಿಲು ತೆಗೆದರೂ ‘ಇಷ್ಟು ಹೊತ್ತು ಕೂಗಿದರೆ ತೆಗೆಯುತ್ತಾರೆ’ ಎಂದು ಬೆಕ್ಕು ಕಲಿತುಬಿಡುತ್ತದೆ, ಮುಂದಿನ ಸಲ ಅದಕ್ಕಿಂತ ಹೆಚ್ಚು ಹೊತ್ತು ಕೂಗುತ್ತದೆ. ಮನೆಯಲ್ಲಿ ಒಬ್ಬರು ಗಟ್ಟಿಯಾಗಿದ್ದು ಇನ್ನೊಬ್ಬರು ಕರಗಿದರೆ ಫಲವಿಲ್ಲ, ಎಲ್ಲರೂ ಒಂದೇ ಮಾತಿನಲ್ಲಿರಬೇಕು.

ಮಲೆನಾಡಿನ ಮನೆಗಳ ಸಂದುಗಳು

ಊರಿನ ಆರ್‌ಸಿಸಿ ಮನೆಯಲ್ಲಿ ಈ ಭಾಗ ಸುಲಭ. ಕಿಟಕಿಗೆ ಜಾಲರಿ ಹಾಕಿದರೆ ಬಹುಪಾಲು ಮುಗಿಯಿತು. ಹೆಂಚಿನ ಮನೆಯಲ್ಲಿ ಹಾಗಲ್ಲ. ಬೆಕ್ಕಿಗೆ ತಲೆ ತೂರಿದ ಕಡೆ ಮೈಯೂ ತೂರುತ್ತದೆ. ಬೆಳೆದ ಬೆಕ್ಕಿಗೆ 6–7 ಸೆಂಟಿಮೀಟರ್ ಸಂದು ಸಾಕು, ಮರಿಗೆ ಅದರ ಅರ್ಧ. ಹಳೆಯ ಕಿಟಕಿಯ ಸರಳುಗಳ ನಡುವೆ, ಗೋಡೆಯ ತಲೆಗೂ ಮಾಡಿಗೂ ಮಧ್ಯೆ, ಅಡುಗೆಮನೆಯ ಹೊಗೆಗಂಡಿಯಲ್ಲಿ, ಸರಿದ ಹೆಂಚಿನ ಬಳಿ, ಕೊಟ್ಟಿಗೆಗೆ ಹೋಗುವ ಬಾಗಿಲಿನ ಕೆಳಗೆ ಎಲ್ಲೆಲ್ಲೂ ದಾರಿಗಳಿರುತ್ತವೆ. ಹಗಲಿನಲ್ಲಿ ಅಟ್ಟ ಹತ್ತಿ, ದೀಪ ಆರಿಸಿ ನೋಡಿದರೆ ಬೆಳಕು ಎಲ್ಲೆಲ್ಲಿ ಒಳಗೆ ಬರುತ್ತದೆಂದು ಕಾಣುತ್ತದೆ. ಅವನ್ನು ಸೀಮೆಸುಣ್ಣದಿಂದ ಗುರುತು ಮಾಡಿಕೊಂಡು ಒಂದೊಂದಾಗಿ ಮುಚ್ಚುವುದು ಒಳ್ಳೆಯದು.

ಮುಚ್ಚುವುದಕ್ಕೆ ಸೊಳ್ಳೆಪರದೆಯ ನೈಲಾನ್ ಜಾಲರಿ ಸಾಲದು. ಬೆಕ್ಕು ಉಗುರು ಹಾಕಿ ಹತ್ತಿದರೆ ವಾರದಲ್ಲಿ ಹರಿಯುತ್ತದೆ. ಒಂದು ಅಂಗುಲ ಕಣ್ಣಿನ, 16 ಗೇಜಿನ ಬೆಸುಗೆ ಹಾಕಿದ ತಂತಿ ಜಾಲರಿ ಬೇಕು. ಇದರಿಂದ ಗಾಳಿಯೂ ಒಲೆಯ ಹೊಗೆಯೂ ತಡೆಯಿಲ್ಲದೆ ಆಡುತ್ತವೆ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬರಿಯ ಸತುವಿನ ಲೇಪದ ಜಾಲರಿ ಮಳೆಯ ಎರಚಲು ಬೀಳುವ ಜಾಗದಲ್ಲಿ ಬಹುಕಾಲ ಬಾಳುವುದಿಲ್ಲ, ಬೆಸುಗೆಯ ಬಿಂದುಗಳಲ್ಲೇ ತುಕ್ಕು ಶುರುವಾಗುತ್ತದೆ. ಎರಚಲಿರುವ ಕಡೆ ಪ್ಲಾಸ್ಟಿಕ್ ಹೊದಿಕೆಯದ್ದನ್ನೋ ಸ್ಟೇನ್‌ಲೆಸ್ ಸ್ಟೀಲಿನದನ್ನೋ ಹಾಕಿ, ಒಳಗಿನ ಅಟ್ಟದ ಸಂದಿಗೆ ಸಾದಾ ಜಾಲರಿಯೇ ಸಾಕು. ರೀಪಿನ ಚೌಕಟ್ಟಿಗೆ ಜಾಲರಿಯನ್ನು ಒಳಮುಖದಿಂದ ಹೊಡೆಯಿರಿ, ಆಗ ಬೆಕ್ಕು ಒತ್ತಿದಷ್ಟೂ ಜಾಲರಿ ಮರಕ್ಕೆ ಅಂಟಿಕೊಳ್ಳುತ್ತದೆ. ಹೊರಮುಖದಿಂದ ಹೊಡೆದರೆ ಒತ್ತಿದಾಗ ಮೊಳೆ ಸಡಿಲವಾಗುತ್ತದೆ. ಮೊಳೆಯಿಂದ ಮೊಳೆಗೆ ನಾಲ್ಕು ಬೆರಳಿಗಿಂತ ಹೆಚ್ಚು ಅಂತರ ಬೇಡ.

ತೊಟ್ಟಿಮನೆಯಲ್ಲಿ ಕಷ್ಟ ಕೊಡುವುದು ನಡುವಿನ ತೆರೆದ ತೊಟ್ಟಿ. ಮೇಲೆ ಬಲೆ ಕಟ್ಟಿದರೆ ಮಳೆಗಾಲದಲ್ಲಿ ತರಗೆಲೆ ಸೇರಿ ಭಾರಕ್ಕೆ ಜೋಲುತ್ತದೆ. ಅದಕ್ಕಿಂತ ಬೆಕ್ಕು ಮೇಲೇರುವ ಕಂಬಗಳಿಗೆ ನುಣುಪಾದ ತಗಡು ಸುತ್ತುವುದು ಮೇಲು. ನೆಲದಿಂದ ಐದಾರು ಅಡಿ ಎತ್ತರದಲ್ಲಿ ಎರಡು ಅಡಿ ಅಗಲದ ತಗಡನ್ನು ಸುಕ್ಕಿಲ್ಲದಂತೆ ಬಿಗಿದರೆ ಉಗುರು ನಿಲ್ಲುವುದಿಲ್ಲ. ಹತ್ತಿರದಲ್ಲಿ ನೆಗೆಯಲು ಅನುಕೂಲವಾಗುವ ಕಪಾಟು, ಪೆಟ್ಟಿಗೆ, ಒನಕೆ ಒರಗಿಸಿದ ಗೋಡೆ ಇದ್ದರೆ ತಗಡು ವ್ಯರ್ಥ.

ಜಗಲಿಯ ಒಂದು ಮೂಲೆಯನ್ನು ಬೆಕ್ಕಿಗೆಂದೇ ಜಾಲರಿ ಹಾಕಿ ಬಿಟ್ಟುಕೊಟ್ಟರೆ ಒಳಗಿನ ಬಾಳು ಅದಕ್ಕೆ ಎಷ್ಟೋ ಸಹ್ಯವಾಗುತ್ತದೆ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಆಳೆತ್ತರ. ಒಳಗೆ ಎರಡು ಹಂತದ ಹಲಗೆ, ಬಿಸಿಲು ಬೀಳುವ ಕಡೆ ಒಂದು ಗೋಣಿ. ಚೌಕಟ್ಟಿಗೆ ಅಡಿಕೆ ದಬ್ಬೆ ಸಾಲುವುದಿಲ್ಲವೇ ಎಂದರೆ, ಮಳೆ ತಾಗದ ಜಾಗದಲ್ಲಿ ಸಾಲುತ್ತದೆ. ತಾಗುವಲ್ಲಿ ಒಂದೆರಡು ಮಳೆಗಾಲಕ್ಕೆ ಮೆತ್ತಗಾಗುತ್ತದೆ. ಬೆಕ್ಕಿಗೆ ಬೇಕಿರುವುದು ನೆಲದ ವಿಸ್ತಾರಕ್ಕಿಂತ ಹೆಚ್ಚಾಗಿ ಎತ್ತರ, ಮೇಲಿಂದ ಎಲ್ಲವನ್ನೂ ನೋಡುತ್ತಾ ಕೂರುವ ಜಾಗ.

ಮಣ್ಣು, ಊಟ, ಆಟ

ಹೊರಗೆ ಹೋಗುವ ಬೆಕ್ಕು ತೋಟದ ಮಣ್ಣು ಕೆರೆದು ಮಲ ಮುಚ್ಚುತ್ತದೆ. ಒಳಗೆ ಅದಕ್ಕೊಂದು ಟ್ರೇ ಬೇಕು, ಬೆಕ್ಕಿನ ಮೈಯುದ್ದದ ಒಂದೂವರೆ ಪಟ್ಟು ಉದ್ದದ್ದು. ಬೆಕ್ಕುಗಳೆಷ್ಟೋ ಅದಕ್ಕಿಂತ ಒಂದು ಟ್ರೇ ಹೆಚ್ಚಿರಬೇಕು. ಸಣ್ಣ ಮರಳು ಅಥವಾ ಸಾಮಿಲ್ಲಿನ ಮರದ ಹೊಟ್ಟು ಎರಡು ಮೂರು ಅಂಗುಲ ದಪ್ಪಕ್ಕೆ ಹರಡಿ. ಹೊರಗೆ ಬೆಳೆದ ಬೆಕ್ಕಿಗೆ ಮೊದಲ ವಾರ ತೋಟದ ಒಣಮಣ್ಣನ್ನೇ ಹಾಕಿ, ಆಮೇಲೆ ದಿನಕ್ಕೊಂದು ಹಿಡಿಯಂತೆ ಹೊಟ್ಟು ಬೆರೆಸುತ್ತಾ ಬದಲಿಸಿ. ಮಳೆಗಾಲದ ತೇವಕ್ಕೆ ಹೊಟ್ಟು ಬೂಷ್ಟು ಹಿಡಿಯುತ್ತದೆ, ಬೂಷ್ಟಿನ ವಾಸನೆಗೆ ಬೆಕ್ಕು ಟ್ರೇ ಬಿಟ್ಟು ಮೂಲೆ ಹುಡುಕುತ್ತದೆ. ಆದ್ದರಿಂದ ಹೊಟ್ಟಿನ ಚೀಲವನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟುಕೊಳ್ಳಿ. ಟ್ರೇಯನ್ನು ಊಟದ ತಟ್ಟೆಯ ಪಕ್ಕ ಇಡಬೇಡಿ.

ಮಲವನ್ನು ದಿನಾ ತೆಗೆಯುವುದಕ್ಕೆ ಸ್ವಚ್ಛತೆಗಿಂತ ದೊಡ್ಡ ಕಾರಣವಿದೆ. ಬೆಕ್ಕಿನ ಮಲದಲ್ಲಿ ಬರಬಹುದಾದ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯ ಕೋಶಗಳು ಹೊರಬಿದ್ದ ಕೂಡಲೇ ಸೋಂಕು ತಗಲಿಸುವುದಿಲ್ಲ, ಅದಕ್ಕೆ 1ರಿಂದ 5 ದಿನ ಬೇಕು. ದಿನಾ ತೆಗೆದರೆ ಆ ಹಂತ ತಲುಪುವುದೇ ಇಲ್ಲ. ಬಸುರಿಯರು ಈ ಕೆಲಸ ಮಾಡಬಾರದು.

ನಾಲ್ಕು ಕಿಲೋ ತೂಗುವ ಬೆಕ್ಕಿಗೆ ದಿನಕ್ಕೆ 200ರಿಂದ 250 ಕಿಲೋಕ್ಯಾಲೊರಿ ಸಾಕು. ಒಣ ಆಹಾರವಾದರೆ ಸುಮಾರು 60 ಗ್ರಾಂ. ಪೊಟ್ಟಣದ ಮೇಲೆ ಟಾರಿನ್ ಇದೆಯೆಂದು ಬರೆದಿರುವುದನ್ನು ನೋಡಿ ಕೊಳ್ಳಿ. ಮಾಂಸ ಬೇಯಿಸದ ಮನೆಗಳಿಗೆ ಇದೇ ಸರಿಯಾದ ದಾರಿ, ಅಡುಗೆಮನೆಯ ಮಡಿಗೂ ತೊಂದರೆಯಿಲ್ಲ, ಬೆಕ್ಕಿಗೂ ಕೊರತೆಯಿಲ್ಲ. ನಾಯಿಯ ಆಹಾರ ಇದಕ್ಕೆ ಬದಲಿಯಲ್ಲ. ಮೀನು ಕೊಡುವವರು ಬೂತಾಯಿಯನ್ನು ಹಸಿಯಾಗಿ ಕೊಡದೆ ಬೇಯಿಸಿ ಕೊಡಬೇಕು, ಹಸಿ ಬೂತಾಯಿಯಲ್ಲಿರುವ ಒಂದು ಕಿಣ್ವ ಬಿ1 ವಿಟಮಿನ್ನನ್ನು ನಾಶಮಾಡುತ್ತದೆ. ಕೋಳಿಯ ಪಿತ್ತಕೋಶ ತೆಗೆದ ಈಲಿ ವಾರಕ್ಕೊಮ್ಮೆ ಒಂದು ಚೂರು ಸಾಕು. ದಿನಾ ಕೊಟ್ಟರೆ ಎ ವಿಟಮಿನ್ ಮಿತಿಮೀರಿ ಎಲುಬು ಕೆಡುತ್ತದೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೇರಿದ ಸಾರಿನ ಮೀನು ಬೇಡವೇ ಬೇಡ.

ಒಳಗಿರುವ ಬೆಕ್ಕು ದಪ್ಪಗಾಗುವುದು ನಿಜ. ಆಟ ಇಲ್ಲದಿದ್ದರೆ ಖಂಡಿತ ಆಗುತ್ತದೆ. ದಿನಕ್ಕೆರಡು ಸಲ ಹತ್ತು ನಿಮಿಷ, ಮುಖ್ಯವಾಗಿ ಸಂಜೆಯ ಊಟಕ್ಕೆ ಮುಂಚೆ. ಕೋಲಿಗೆ ಮೂರಡಿ ದಾರ ಕಟ್ಟಿ ತುದಿಗೆ ಬಟ್ಟೆ ಚೂರು ಸಿಕ್ಕಿಸಿ ನೆಲದ ಮೇಲೆ ಎಳೆಯಿರಿ. ಬೆಕ್ಕಿನ ಕಡೆಗೆ ಎಳೆದರೆ ಅದು ಹಿಂಜರಿಯುತ್ತದೆ, ಯಾವ ಬೇಟೆಯೂ ಬೇಟೆಗಾರನತ್ತ ಓಡಿಬರುವುದಿಲ್ಲ. ದೂರಕ್ಕೆ, ಮೂಲೆಯ ಮರೆಗೆ ಎಳೆಯಿರಿ. ಕೊನೆಗೆ ಹಿಡಿಯಲು ಬಿಟ್ಟು, ಕೂಡಲೇ ಊಟ ಇಡಿ. ಹೊಂಚುವುದು, ಹಿಡಿಯುವುದು, ತಿನ್ನುವುದು, ಮೈ ನೆಕ್ಕಿಕೊಂಡು ಮಲಗುವುದು ಎಂಬ ಸರಣಿ ಪೂರ್ತಿಯಾದರೆ ರಾತ್ರಿಯ ಕೂಗು ತಾನಾಗಿಯೇ ಇಳಿಯುತ್ತದೆ. ಆಟ ಮುಗಿದ ಮೇಲೆ ದಾರ ಎತ್ತಿಡಿ, ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ. ಉಗುರು ಕೆರೆಯಲು ಮೂರಡಿ ಎತ್ತರದ ಕಂಬಕ್ಕೆ ತೆಂಗಿನ ನಾರಿನ ಹಗ್ಗ ಒತ್ತಾಗಿ ಸುತ್ತಿ ನಿಲ್ಲಿಸಿ. ಅಲುಗಾಡುವ ಕಂಬವನ್ನು ಬೆಕ್ಕು ಮುಟ್ಟುವುದಿಲ್ಲ.

ಗಂಡು ಬೆಕ್ಕಿನ ವಿಷಯದಲ್ಲಿ ಒಂದು ಎಚ್ಚರಿಕೆ. ಟ್ರೇಗೆ ಮತ್ತೆ ಮತ್ತೆ ಹೋಗಿ ತಿಣುಕುತ್ತಿದ್ದು ಉಚ್ಚೆ ಬಾರದಿದ್ದರೆ ಮೂತ್ರನಾಳ ಕಟ್ಟಿರಬಹುದು. ಇದು ಒಂದೆರಡು ದಿನದಲ್ಲಿ ಪ್ರಾಣ ತೆಗೆಯುತ್ತದೆ, ಅಂದೇ ವೈದ್ಯರ ಬಳಿ ಒಯ್ಯಬೇಕು. ಒಣ ಆಹಾರ ತಿನ್ನುವ ಬೆಕ್ಕಿಗೆ ಎರಡು ಮೂರು ಕಡೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಡುವುದು ಇದಕ್ಕಾಗಿಯೇ.

ಇಲಿ ಹಿಡಿಯುವವರು ಯಾರು?

ಮಲೆನಾಡಿನಲ್ಲಿ ಬೆಕ್ಕು ಸಾಕುವುದೇ ಭತ್ತದ ಕಣಜಕ್ಕೆ, ಅಡಿಕೆಯ ಮೂಟೆಗಳಿಗೆ ಕಾವಲಾಗಿ. ಒಳಗಿಟ್ಟರೆ ಆ ಕೆಲಸ ಕೆಡುತ್ತದೆಂಬ ಆತಂಕಕ್ಕೆ ನಿಜವಾಗಿ ಆಧಾರವಿಲ್ಲ. ಇಲಿ ಓಡಾಡುವುದು ರಾತ್ರಿ, ಅಟ್ಟದಲ್ಲಿ, ಕಣಜದ ಕೋಣೆಯಲ್ಲಿ. ರಾತ್ರಿ ಬೆಕ್ಕು ಅಲ್ಲೇ ಇರುವಂತೆ ಮಾಡುವುದೇ ಒಳಗಿಡುವುದು. ಬೇಲಿಯಲ್ಲಿ ಪಿಕಳಾರದ ಗೂಡಿಗೆ ಹೊಂಚುಹಾಕಿ ಕೂತ ಬೆಕ್ಕು ಕಣಜ ಕಾಯುತ್ತಿಲ್ಲ. ಹೆಗ್ಗಣದ ವಿಷಯ ಬೇರೆ. ಅಷ್ಟು ದೊಡ್ಡ, ಕಚ್ಚುವ ಪ್ರಾಣಿಯ ತಂಟೆಗೆ ಹೆಚ್ಚಿನ ಬೆಕ್ಕುಗಳು ಹೋಗುವುದೇ ಇಲ್ಲ, ಹೊರಗಿದ್ದರೂ. ಅದಕ್ಕೆ ಬೋನು, ಬಿಲ ಮುಚ್ಚುವುದು, ಅರ್ಧ ಅಂಗುಲಕ್ಕಿಂತ ದೊಡ್ಡ ಸಂದುಗಳಿಗೆ ಸಿಮೆಂಟು ಮತ್ತು ಗಾಜಿನ ಚೂರು ಇವೇ ದಾರಿ. ತೋಟದ ಇಲಿಗಳನ್ನು ಕೇರೆಹಾವಿಗೂ ಗೂಬೆಗೂ ಬಿಡಿ. ಇಲಿಪಾಷಾಣ ಇಟ್ಟರೆ ವಿಷ ತಿಂದ ಇಲಿಯಿಂದ ಗೂಬೆಯೂ ಬೆಕ್ಕೂ ಸಾಯುತ್ತವೆ.

ಬೆಕ್ಕಿನ ಹಿತಕ್ಕೂ ಇದೇ ಒಳ್ಳೆಯದು. ಕಾಡಂಚಿನ ಮನೆಗಳಲ್ಲಿ ಚಿರತೆ ಒಯ್ಯುತ್ತದೆ, ನಾಗರ, ಕೊಳಕುಮಂಡಲ ಕಚ್ಚುತ್ತವೆ, ರಸ್ತೆಯ ಮೇಲೆ ವಾಹನ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗುಗಳಿಂದ. ಅದರ ಕಾಟ ಹೆಚ್ಚುವುದು ಡಿಸೆಂಬರಿನಿಂದ ಮೇ ತನಕ, ಹೆಚ್ಚುಕಡಿಮೆ ಹಕ್ಕಿಗಳು ಗೂಡು ಕಟ್ಟುವ ತಿಂಗಳುಗಳಲ್ಲೇ. ಆ ಕಾಲದಲ್ಲಿ ಕಾಡು ತಿರುಗಿ ಬಂದ ಪ್ರಾಣಿ ಉಣುಗು ಹೊತ್ತು ಬಂದು ಹಾಸಿಗೆ ಏರುವುದು ಬೇಡ. ಉಣುಗಿಗೆಂದು ನಾಯಿಯ ಔಷಧಿ ಹಚ್ಚಬೇಡಿ. ಅವುಗಳಲ್ಲಿ ಹಲವದರಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ಮಾರಕ ವಿಷ.

ಪೂರ್ತಿ ಒಳಗಿಡಲು ಆಗದಿದ್ದರೆ

ಕೆಲವು ಮನೆಗಳಲ್ಲಿ, ಮುಖ್ಯವಾಗಿ ಕೊಟ್ಟಿಗೆಯಲ್ಲೇ ಬೆಳೆದ ಬೆಕ್ಕುಗಳ ಜೊತೆ, ಇದು ಪೂರ್ತಿ ಸಾಧ್ಯವಾಗದು. ಆಗ ಸಂಜೆ ಐದರಿಂದ ಮರುದಿನ ಬೆಳಿಗ್ಗೆ ಒಂಬತ್ತರ ತನಕವಾದರೂ ಒಳಗಿರಲಿ. ಬೆಳಗಿನ ಜಾವ, ಮುಸ್ಸಂಜೆ ಬೆಕ್ಕು ಬೇಟೆಗೆ ಇಳಿಯುವ ಹೊತ್ತು, ಹಕ್ಕಿಗಳು ಮರಿಗಳಿಗೆ ಉಣಿಸುವ ಗಡಿಬಿಡಿಯ ಹೊತ್ತೂ ಅದೇ. ಹಿತ್ತಿಲಿನ ಮರಿ ಗೂಡು ಬಿಟ್ಟ ವಾರ ಮಾತ್ರ ಈ ರಿಯಾಯಿತಿ ಬೇಡ, ದಿನಪೂರ್ತಿ ಒಳಗೇ ಇಡಿ. ಗೂಡು ಬಿಡುವ ದಿನ ತಿಳಿಯಲು ಇಣುಕಿ ನೋಡಬೇಕಿಲ್ಲ. ತಾಯಿ ಹಕ್ಕಿ ಹುಳು ಕಚ್ಚಿಕೊಂಡು ಬರಲು ಶುರುಮಾಡಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅಲ್ಲಿಂದ ಹತ್ತನೆಯ ದಿನಕ್ಕೆ ಬೆಕ್ಕಿನ ಬಾಗಿಲು ಮುಚ್ಚಿ, ಮುಂದಿನ ಎರಡು ವಾರ ತೆಗೆಯಬೇಡಿ.

ಮರದಲ್ಲಿ ಗೂಡಿದ್ದರೆ ಕಾಂಡಕ್ಕೆ ಐದಡಿ ಎತ್ತರದಲ್ಲಿ ಎರಡಡಿ ತಗಡು ಸುತ್ತಬಹುದು. ದಾಸವಾಳ, ಕ್ರೋಟನ್‌ನಂಥ ಗಿಡಕ್ಕೆ ಅದು ಆಗದು, ಬುಡದ ಸುತ್ತ ಮುಳ್ಳಿನ ಕೊಂಬೆ ಒಟ್ಟಬೇಕು. ಗೂಡಿರುವ ಬೇಲಿಯನ್ನು ಆ ತಿಂಗಳುಗಳಲ್ಲಿ ಸವರಬೇಡಿ. ಬೇಸಿಗೆಯಲ್ಲಿ ಹಕ್ಕಿಗಳಿಗೆಂದು ನೀರಿಡುವವರು ಮಡಕೆಯನ್ನು ನೆಲದ ಮೇಲಾಗಲಿ ಪೊದೆಯ ಪಕ್ಕದಲ್ಲಾಗಲಿ ಇಡದೆ, ಸುತ್ತ ಹತ್ತಡಿ ಬಯಲಿರುವಂತೆ ಎತ್ತರದಲ್ಲಿ ತೂಗುಹಾಕಬೇಕು.

ನೆಲದಲ್ಲಿ ಮರಿ ಸಿಕ್ಕರೆ ಅದು ಅನಾಥವಲ್ಲ. ಮೈತುಂಬ ಗರಿ ಇದ್ದರೆ ಹತ್ತಿರದ ಪೊದೆಯ ಮೇಲೆ ಕೂರಿಸಿ, ಬೆಕ್ಕನ್ನು ಒಳಗೆ ಹಾಕಿ, ನೀವು ದೂರ ಹೋಗಿ. ಮನುಷ್ಯ ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಎಂಬುದು ಸುಳ್ಳು. ಬೆಕ್ಕಿನ ಬಾಯಿಯಿಂದ ಬಿಡಿಸಿದ ಹಕ್ಕಿಯಾದರೆ, ಗಾಯ ಕಾಣದಿದ್ದರೂ ಹಾರಿಬಿಡುವುದು ತಪ್ಪು. ಬೆಕ್ಕಿನ ಜೊಲ್ಲಿನಲ್ಲಿರುವ ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ ಸೂಜಿಮೊನೆಯಷ್ಟು ಹಲ್ಲಿನ ಗಾಯದಿಂದ ರಕ್ತಕ್ಕಿಳಿದು ಎರಡು ಮೂರು ದಿನದಲ್ಲಿ ಹಕ್ಕಿಯನ್ನು ಕೊಲ್ಲುತ್ತದೆ, ಅದಕ್ಕೆ ಆ್ಯಂಟಿಬಯಾಟಿಕ್ ಬೇಕೇಬೇಕು. ರಂಧ್ರವಿರುವ ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿಬಟ್ಟೆ ಹಾಸಿ, ಕತ್ತಲೆಯಲ್ಲಿ ಬೆಚ್ಚಗಿಟ್ಟು, ಕೊಕ್ಕಿಗೆ ನೀರು ಹನಿಸದೆ, ಅಂದೇ ಪಶುವೈದ್ಯರಿಗೆ ತೋರಿಸಿ ಅರಣ್ಯ ಇಲಾಖೆಗೆ ತಿಳಿಸಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಹಕ್ಕಿಯನ್ನು ಮನೆಯಲ್ಲಿ ಸಾಕಿಕೊಳ್ಳುವಂತಿಲ್ಲ.

ಬೇಡದ ಮರಿಗಳು

ಒಂದು ಮನೆಯ ಬೆಕ್ಕನ್ನು ಒಳಗಿಟ್ಟು, ಅದು ಹಾಕಿದ ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಕಾಡಿನ ದಾರಿಯಲ್ಲೋ ಸಂತೆಯ ಹಿಂದೆಯೋ ಬಿಟ್ಟುಬಂದರೆ ಮಾಡಿದ್ದೆಲ್ಲ ನೀರುಪಾಲು. ಬಿಟ್ಟ ಮರಿಗಳಲ್ಲಿ ಹೆಚ್ಚಿನವು ಹಸಿವಿಗೋ ರೋಗಕ್ಕೋ ಸಾಯುತ್ತವೆ. ಉಳಿದವು ಪೂರ್ತಿಯಾಗಿ ಬೇಟೆಯ ಮೇಲೇ ಬದುಕುತ್ತವೆ, ಕಾಡಿನೊಳಗಿನ ನೆಲಗೂಡುಗಳ ತನಕ ಹೋಗುತ್ತವೆ, ನಮ್ಮ ಕಾಡುಬೆಕ್ಕು, ಚಿರತೆಬೆಕ್ಕುಗಳಿಗೆ ಪ್ಯಾನ್‌ಲ್ಯೂಕೋಪೀನಿಯದಂಥ ರೋಗ ಹಂಚುತ್ತವೆ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗರ್ಭ ಧರಿಸಬಲ್ಲದು, ಗರ್ಭಾವಧಿ ಒಂಬತ್ತು ವಾರ. ಹಾಗಾಗಿ ‘ಇನ್ನೂ ಚಿಕ್ಕದು’ ಎಂದು ಕಾಯದೆ ಐದು ತಿಂಗಳೊಳಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಗಂಡಿಗೂ ಮಾಡಿಸಿ, ಮೈಲುಗಟ್ಟಲೆ ಅಲೆದಾಟ, ಜಗಳ, ಗೋಡೆಗೆ ಉಚ್ಚೆ ಸಿಡಿಸುವುದು ಎಲ್ಲ ಇಳಿಯುತ್ತದೆ, ಒಳಗಿಡುವುದು ಎಷ್ಟೋ ಸುಲಭವಾಗುತ್ತದೆ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ತಾಲ್ಲೂಕು ಕೇಂದ್ರಗಳಲ್ಲಿ ಪಶು ಆಸ್ಪತ್ರೆಗಳಿವೆ. ಮೊದಲೇ ವಿಚಾರಿಸಿ ದಿನ ಗೊತ್ತುಮಾಡಿಕೊಳ್ಳಿ. ಹಿಂದಿನ ರಾತ್ರಿಯ ಊಟ ಎಷ್ಟು ಹೊತ್ತಿಗೆ ನಿಲ್ಲಿಸಬೇಕೆಂದು ಕೇಳಿಕೊಳ್ಳಿ, ಎಳೆಮರಿಗಳನ್ನು ಬಹಳ ಹೊತ್ತು ಉಪವಾಸ ಇಡುವಂತಿಲ್ಲ. ಗೋಣಿಚೀಲದಲ್ಲಿ ಒಯ್ಯಬೇಡಿ, ಮುಚ್ಚಳವಿರುವ ಬುಟ್ಟಿಯಲ್ಲಿ ಒಯ್ಯಿರಿ. ಅದೇ ಭೇಟಿಯಲ್ಲಿ ರೇಬೀಸ್ ಲಸಿಕೆಯೂ ಆಗಲಿ. ಹೊಲಿಗೆ ಮಾಯಲು ಹತ್ತರಿಂದ ಹದಿನಾಲ್ಕು ದಿನ ಬೆಕ್ಕು ಹೇಗೂ ಮನೆಯೊಳಗೇ ಇರಬೇಕಾಗುತ್ತದೆ. ಈ ಕೆಲಸವನ್ನು ಜುಲೈ, ಆಗಸ್ಟಿನಲ್ಲಿ ಇಟ್ಟುಕೊಂಡರೆ ಬಾಗಿಲು ಮುಚ್ಚುವ ಅಭ್ಯಾಸವನ್ನೂ ಆ ಎರಡು ವಾರದಿಂದಲೇ ಶುರುಮಾಡಬಹುದು.